ಎರಡು ಮೈದಾನ, ಒಂದು ಅಂಕಪಟ್ಟಿ

(ಬೆಂಗಳೂರಿನ ಹಲಸೂರು ಬಳಿಯ ವಾಚನಾಲಯವೊಂದರಲ್ಲಿ ಕ್ರೀಡಾಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ವಿಶ್ವಕಪ್ ಫುಟ್‌ಬಾಲ್ ಬಗ್ಗೆ ಒಂದು ಗಂಟೆ ಮಾತನಾಡಿ ಎಂದು ನೀವು ಕರೆದಿರಿ. ಪೆಲೆ, ಮರಡೋನಾ, ಮೆಸ್ಸಿ ಇವರ ಕಥೆ ಹೇಳುತ್ತೇನೆಂದು ಅನೇಕರು ಕಾದು ಕೂತಿರಬಹುದು. ಫೈನಲ್ ಪಂದ್ಯಗಳ ವಿಷಯವನ್ನು ಹೇಳುವವರು ಬಹಳ ಜನ ಇದ್ದಾರೆ. ನಾನು ಇವತ್ತು ಹೇಳಬೇಕೆಂದಿರುವುದು ಅದಕ್ಕೂ ಮುಂಚಿನ ಗುಂಪು ಹಂತದ ಪಂದ್ಯಗಳ ಬಗ್ಗೆ. ನಾವು ಲೀಗ್ ಮ್ಯಾಚು ಅನ್ನುತ್ತೇವಲ್ಲ, ಅವು. ಈ ವಿಷಯ ಆರಿಸಿಕೊಂಡಿದ್ದೇನೆ ಎಂದಾಗ ಸಂಘಟಕರಲ್ಲಿ ಒಬ್ಬರು, 'ಅದರಲ್ಲೇನಿದೆ ಸಾರ್, ಅದು ಶಾಸ್ತ್ರಕ್ಕೆ ಆಡೋದಲ್ವಾ?' ಎಂದರು. ನನಗೆ ಸ್ವಲ್ಪ ಬೇಸರವಾಯಿತು. ಅಭಿಮಾನಿ ಎಂಬ ಪ್ರಾಣಿಯ ನಿಜವಾದ ಸ್ವಭಾವ ಹೊರಬೀಳುವುದು ಈ ಹಂತದಲ್ಲೇ ಎಂಬುದು ನನ್ನ ಅನುಭವ. ನನ್ನದೂ ಹಾಗೇ ಹೊರಬಿತ್ತು. ಅದನ್ನೇ ಹೇಳುತ್ತೇನೆ.

ಫೈನಲ್‌ನಲ್ಲಿ ಅಭಿಮಾನಿಯ ಕೆಲಸ ಸುಲಭ. ನಮ್ಮವರು ಗೆಲ್ಲಬೇಕು, ಎದುರಿನವರು ಸೋಲಬೇಕು, ಅಷ್ಟೆ. ಗುಂಪಿನಲ್ಲಿ ಹಾಗಲ್ಲ. ನಾಲ್ಕು ತಂಡ, ಒಟ್ಟು ಆರು ಪಂದ್ಯ, ಒಬ್ಬೊಬ್ಬರಿಗೆ ಮೂರು. 2022ರವರೆಗೆ ಸಾಮಾನ್ಯವಾಗಿ ಮೇಲಿನ ಇಬ್ಬರು ಮುಂದಕ್ಕೆ, ಕೆಳಗಿನ ಇಬ್ಬರು ಮನೆಗೆ ಎಂದಿತ್ತು. ಇಲ್ಲಿ ನಮ್ಮ ತಂಡ ಗೆದ್ದರೂ ಸಾಲದಾಗಬಹುದು, ಸೋತರೂ ನಡೆದುಹೋಗಬಹುದು. ನಾವು ಯಾವತ್ತೂ ತಲೆಕೆಡಿಸಿಕೊಳ್ಳದ ಒಂದು ದೇಶ ಇನ್ನೆಲ್ಲೋ ಒಂದು ಊರಿನಲ್ಲಿ ಒಂದು ಗೋಲು ಹೊಡೆಯಲಿ ಎಂದು ದೇವರಲ್ಲಿ ಬೇಡಿಕೊಳ್ಳುವ ಪ್ರಸಂಗ ಬರುತ್ತದೆ. ಲೆಕ್ಕದಲ್ಲಿ ಮೂವತ್ತೈದು ದಾಟದಿದ್ದ ನನ್ನಂಥವನು ರಾತ್ರಿ ಹನ್ನೆರಡಕ್ಕೆ ಪೆನ್ಸಿಲು ಹಿಡಿದು ಗೋಲು ವ್ಯತ್ಯಾಸದ ಕೂಡುವಿಕೆ ಕಳೆಯುವಿಕೆ ಮಾಡುತ್ತಾ ಕೂರುವುದು ಇಲ್ಲೇ.

ಈ ಗುಂಪು ಪದ್ಧತಿ ಮೊದಲಿನಿಂದಲೂ ಒಂದೇ ಸಮನೆ ಇದ್ದದ್ದಲ್ಲ. 1930ರ ಮೊದಲ ವಿಶ್ವಕಪ್‌ನಲ್ಲಿ ಬಂದಿದ್ದ ಹದಿಮೂರು ತಂಡಗಳನ್ನು ನಾಲ್ಕು ಗುಂಪು ಮಾಡಿದ್ದರು. 1934 ಮತ್ತು 1938ರಲ್ಲಿ ಅದನ್ನು ಬಿಟ್ಟು ನೇರ ನಾಕೌಟ್ ಇಟ್ಟರು. ಪರಿಣಾಮ ಏನಾಯಿತು ನೋಡಿ. 1934ರಲ್ಲಿ ಬ್ರೆಜಿಲ್ ಮತ್ತು ಅರ್ಜೆಂಟೀನಾ ತಂಡಗಳು ಹಡಗು ಹತ್ತಿ ಅಟ್ಲಾಂಟಿಕ್ ಸಾಗರ ದಾಟಿ ಇಟಲಿಗೆ ಹೋದವು. ಬ್ರೆಜಿಲ್ ಸ್ಪೇನ್‌ಗೆ ಸೋತಿತು, ಅರ್ಜೆಂಟೀನಾ ಸ್ವೀಡನ್‌ಗೆ ಸೋತಿತು. ತಲಾ ಒಂದೊಂದು ಪಂದ್ಯ, ಅಲ್ಲಿಗೆ ಮುಗಿಯಿತು. ಮತ್ತೆ ಹಡಗು, ಮತ್ತೆ ಸಾಗರ. ಮದುವೆಗೆಂದು ಊರಿಂದ ಊರಿಗೆ ಹೋಗಿ, ಊಟದ ಎಲೆ ಹಾಕುವ ಮುಂಚೆಯೇ ಹಿಂದಿರುಗಿದ ಹಾಗೆ. ಅಷ್ಟು ದೂರದಿಂದ ಬಂದವರಿಗೆ ಇನ್ನೊಂದು ಅವಕಾಶ ಕೊಡಬೇಕು ಎಂಬ ನ್ಯಾಯಬುದ್ಧಿ ಗುಂಪು ಪದ್ಧತಿಯ ಬೇರಿನಲ್ಲಿದೆ. ಎರಡನೇ ಅವಕಾಶ ಬಂದ ಕೂಡಲೇ ಲೆಕ್ಕಾಚಾರವೂ ಅದರ ಬೆನ್ನಿಗೆ ಬಂದಿತು ಅನ್ನಿ.

1950ರಲ್ಲಿ ಗುಂಪುಗಳು ಮರಳಿದವು. ಆ ವರ್ಷ ಬ್ರೆಜಿಲ್‌ನಲ್ಲಿ ಇಟಲಿ, ಸ್ವೀಡನ್, ಪರಾಗ್ವೆಗಳ ಗುಂಪಿನಲ್ಲಿ ನಾಲ್ಕನೇ ಹೆಸರು ಭಾರತದ್ದು. ನಾವು ಹೋಗಲಿಲ್ಲ. ಬೂಟಿಲ್ಲದೆ ಬರಿಗಾಲಲ್ಲಿ ಆಡಲು ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಎಂಬ ಕಥೆ ಎಲ್ಲರ ಬಾಯಲ್ಲೂ ಇದೆ. ಆ ಕಾಲದ ದೊಡ್ಡ ಆಟಗಾರ ಶೈಲೇನ್ ಮನ್ನಾ ಅವರೇ ಮುಂದೆ ಅದನ್ನು ಒಪ್ಪಲಿಲ್ಲ. ಒಲಿಂಪಿಕ್ಸ್ ಎದುರು ವಿಶ್ವಕಪ್ ಆಗ ನಮ್ಮವರ ಕಣ್ಣಿಗೆ ದೊಡ್ಡದಾಗಿ ಕಂಡಿರಲಿಲ್ಲ ಎಂಬುದೇ ಹೆಚ್ಚು ನಿಜ. ಎರಡು ವರ್ಷ ಮುಂಚೆ, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ ಫ್ರಾನ್ಸ್ ವಿರುದ್ಧ ಗೋಲು ಹೊಡೆದಿದ್ದರು. ಪಂದ್ಯ 2-1ರಲ್ಲಿ ಕೈತಪ್ಪಿತು. ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್ ಕಡೆಯ ಹಳಬರು ಆ ಗೋಲನ್ನು ತಾವೇ ಪಕ್ಕದಲ್ಲಿ ನಿಂತು ನೋಡಿದವರಂತೆ ವರ್ಣಿಸುತ್ತಿದ್ದುದನ್ನು ನಾನು ಕೇಳಿದ್ದೇನೆ. ಅಂದಹಾಗೆ, ನಮ್ಮಂತೆ ಇನ್ನೂ ಕೆಲವರು ಹೋಗದೆ ಉಳಿದದ್ದರಿಂದ 1950ರಲ್ಲಿ ಉರುಗ್ವೆಯ ಗುಂಪಿನಲ್ಲಿದ್ದದ್ದು ಎರಡೇ ತಂಡ. ಬೊಲಿವಿಯಾವನ್ನು 8-0ಯಿಂದ ಸೋಲಿಸಿ ಉರುಗ್ವೆ ಮುಂದಿನ ಸುತ್ತಿಗೆ ಹೋಯಿತು, ಕೊನೆಗೆ ಕಪ್ಪನ್ನೂ ಗೆದ್ದಿತು. ಗುಂಪು ಎಂದರೆ ಎಷ್ಟು ಜನ ಎಂಬುದಕ್ಕೂ ಆಗ ಒಂದು ಲೆಕ್ಕವಿರಲಿಲ್ಲ.

ಇಷ್ಟು ಪೀಠಿಕೆ ಸಾಕು. 1982ಕ್ಕೆ ಬರೋಣ.

ಆಗ ನಾನು ಕಾಲೇಜು ಹುಡುಗ. ಸಂಜೆ ಹೊತ್ತು ಐಟಿಐ, ಎಚ್‌ಎಎಲ್ ಕಾರ್ಖಾನೆಗಳ ತಂಡಗಳ ಆಟ ನೋಡಲು ಹೋಗುತ್ತಿದ್ದೆ. ಜಗತ್ತಿನ ಫುಟ್‌ಬಾಲ್ ನಮಗೆ ಸಿಗುತ್ತಿದ್ದದ್ದು ಪತ್ರಿಕೆಯ ಕೊನೆಯ ಪುಟದಲ್ಲಿ ಮತ್ತು ಕ್ರೀಡಾ ವಾರಪತ್ರಿಕೆಗಳ ಬಣ್ಣದ ನಡುಪುಟದಲ್ಲಿ. ಹಾಗೆ ಬಂದ ಒಂದು ನಡುಪುಟದಲ್ಲಿ ಪಶ್ಚಿಮ ಜರ್ಮನಿಯ ಕಾರ್ಲ್ ಹೈನ್ಸ್ ರುಮ್ಮೆನಿಗೆ ಇದ್ದ. ಅದನ್ನು ಅನ್ನದ ಅಗುಳಿನಿಂದ ಗೋಡೆಗೆ ಅಂಟಿಸಿದೆ. ಅಲ್ಲಿಂದ ನಾನು ಜರ್ಮನಿ ಪಕ್ಷ. ಅಭಿಮಾನ ಹುಟ್ಟುವುದಕ್ಕೆ ಇದಕ್ಕಿಂತ ಘನವಾದ ಕಾರಣ ಯಾರಿಗೂ ಇರುವುದಿಲ್ಲ. ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಆರು ಗುಂಪುಗಳ ಕೋಷ್ಟಕ ಬರೆದುಕೊಂಡಿದ್ದೆ. ದಿನವೂ ಪತ್ರಿಕೆ ನೋಡಿ ತುಂಬುವುದು.

ಆ ವರ್ಷ ಸ್ಪೇನ್‌ನಲ್ಲಿ ಇಪ್ಪತ್ತನಾಲ್ಕು ತಂಡಗಳು. ಎರಡನೇ ಗುಂಪಿನಲ್ಲಿ ಪಶ್ಚಿಮ ಜರ್ಮನಿ, ಆಸ್ಟ್ರಿಯಾ, ಚಿಲಿ ಮತ್ತು ಆಲ್ಜೀರಿಯಾ. ಆಲ್ಜೀರಿಯಾಕ್ಕೆ ಅದು ಮೊದಲ ವಿಶ್ವಕಪ್. ಜರ್ಮನಿಯ ಪಾಳೆಯದಲ್ಲಿ ಅದನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ. ಸೋತರೆ ಮೊದಲ ರೈಲು ಹತ್ತಿ ಮನೆಗೆ ಹೋಗುತ್ತೇನೆ ಎಂದು ಅವರ ಕೋಚ್ ಯುಪ್ ಡೆರ್ವಾಲ್ ನಗುತ್ತಾ ಹೇಳಿದ್ದರೆಂದು ವರದಿಗಳಿವೆ.

ಆದರೆ ಆಲ್ಜೀರಿಯಾದ ಫುಟ್‌ಬಾಲ್ ನಿನ್ನೆ ಮೊನ್ನೆ ಹುಟ್ಟಿದ್ದಾಗಿರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1958ರಲ್ಲಿ ಆಲ್ಜೀರಿಯಾ ಫ್ರಾನ್ಸಿನ ಆಳ್ವಿಕೆಯಲ್ಲಿತ್ತು, ಸ್ವಾತಂತ್ರ್ಯ ಯುದ್ಧ ನಡೆಯುತ್ತಿತ್ತು. ಫ್ರಾನ್ಸಿನ ದೊಡ್ಡ ಕ್ಲಬ್ಬುಗಳಲ್ಲಿ ಆಲ್ಜೀರಿಯಾ ಮೂಲದ ಹುಡುಗರು ಆಡುತ್ತಿದ್ದರು. ಸೇಂತ್ ಎತಿಯೆನ್ ಕ್ಲಬ್ಬಿನ ರಶೀದ್ ಮೆಖ್ಲೂಫಿ, ಮೊನಾಕೊ ಕ್ಲಬ್ಬಿನ ಮುಸ್ತಫಾ ಝಿತೂನಿ ಮುಂತಾದವರು ಆ ವರ್ಷದ ಏಪ್ರಿಲ್‌ನಲ್ಲಿ ಗುಟ್ಟಾಗಿ ಫ್ರಾನ್ಸ್ ಬಿಟ್ಟು, ಟ್ಯುನಿಸ್ ಸೇರಿ, ವಿಮೋಚನಾ ರಂಗದ ಹೆಸರಿನಲ್ಲಿ ಒಂದು ತಂಡ ಕಟ್ಟಿದರು. ಝಿತೂನಿ ಅದೇ ಬೇಸಿಗೆಯಲ್ಲಿ ಫ್ರಾನ್ಸ್ ಪರವಾಗಿ ವಿಶ್ವಕಪ್ ಆಡಬೇಕಿದ್ದವ. ಸಂಬಳ, ಹೆಸರು, ವಿಶ್ವಕಪ್ ಮೂರನ್ನೂ ಬಿಟ್ಟು ಇನ್ನೂ ಹುಟ್ಟದ ದೇಶವೊಂದರ ಪರವಾಗಿ ಇವರು ಊರೂರು ತಿರುಗಿ ಆಡಿದರು. 1962ರಲ್ಲಿ ದೇಶ ಹುಟ್ಟಿತು. ಇಪ್ಪತ್ತು ವರ್ಷದ ನಂತರ ಸ್ಪೇನ್‌ಗೆ ಹೋದ ತಂಡದ ತರಬೇತುದಾರರಲ್ಲಿ ಅದೇ ಮೆಖ್ಲೂಫಿ ಇದ್ದರು. ಇಂಥ ತಂಡವನ್ನು ಹಗುರವಾಗಿ ತೆಗೆದುಕೊಂಡರೆ ಏನಾಗಬೇಕೋ ಅದೇ ಆಯಿತು.

ಜೂನ್ 16ರಂದು ಹಿಹೋನ್ ಎಂಬ ಊರಿನಲ್ಲಿ ಪಂದ್ಯ. ಮಾಜೆರ್ ಮೊದಲ ಗೋಲು ಹೊಡೆದ. ನನ್ನ ರುಮ್ಮೆನಿಗೆ ಅದನ್ನು ಸಮ ಮಾಡಿದ. ಜರ್ಮನ್ನರು ಸಂಭ್ರಮ ಮುಗಿಸಿ ತಮ್ಮ ಜಾಗಕ್ಕೆ ಬಂದು ನಿಂತಿದ್ದಾರೋ ಇಲ್ಲವೋ, ಮುಂದಿನ ನಿಮಿಷದಲ್ಲೇ ಬೆಲ್ಲೂಮಿ ಇನ್ನೊಂದು ಹೊಡೆದ. ಆಲ್ಜೀರಿಯಾ 2, ಪಶ್ಚಿಮ ಜರ್ಮನಿ 1. ಡೆರ್ವಾಲ್ ರೈಲು ಹತ್ತಲಿಲ್ಲ. ನಾನು ಆ ದಿನ ಊಟ ಮಾಡಲಿಲ್ಲ ಎಂದು ನಮ್ಮ ತಾಯಿ ಬಹಳ ವರ್ಷ ಹೇಳುತ್ತಿದ್ದರು.

ಈಗ ಸ್ವಲ್ಪ ಲೆಕ್ಕ. ಬೇಸರ ಮಾಡಿಕೊಳ್ಳಬೇಡಿ, ಇಡೀ ಕಥೆ ಇರುವುದೇ ಇದರಲ್ಲಿ. ಆಗ ಗೆದ್ದರೆ ಎರಡು ಅಂಕ, ಡ್ರಾ ಆದರೆ ಒಂದು. ಮುಂದೆ ಆಸ್ಟ್ರಿಯಾ ಚಿಲಿಯನ್ನು 1-0, ಆಲ್ಜೀರಿಯಾವನ್ನು 2-0ಯಿಂದ ಸೋಲಿಸಿತು. ಜರ್ಮನಿ ಚಿಲಿಯನ್ನು 4-1ರಿಂದ ಬಗ್ಗುಬಡಿಯಿತು. ಜೂನ್ 24ರಂದು ಆಲ್ಜೀರಿಯಾ ತನ್ನ ಕೊನೆಯ ಪಂದ್ಯದಲ್ಲಿ ಚಿಲಿಯನ್ನು 3-2ರಿಂದ ಸೋಲಿಸಿತು. ಆಲ್ಜೀರಿಯಾದ ಮೂರೂ ಪಂದ್ಯ ಮುಗಿಯಿತು. ನಾಲ್ಕು ಅಂಕ, ಹೊಡೆದದ್ದು ಐದು ಗೋಲು, ಬಿಟ್ಟದ್ದೂ ಐದು. ವ್ಯತ್ಯಾಸ ಸೊನ್ನೆ. ಉಳಿದದ್ದು ಒಂದೇ ಪಂದ್ಯ, ಮರುದಿನ, ಪಶ್ಚಿಮ ಜರ್ಮನಿಗೂ ಆಸ್ಟ್ರಿಯಾಕ್ಕೂ.

ಮರುದಿನ ಎಂಬ ಮಾತನ್ನು ಗಮನಿಸಿ. ಆಲ್ಜೀರಿಯಾದ ಉತ್ತರ ಪತ್ರಿಕೆ ತಿದ್ದಿ ಮುಗಿದಿತ್ತು, ಅಂಕ ಗೋಡೆಗೆ ಅಂಟಿಸಿತ್ತು. ಅದನ್ನು ನೋಡಿಕೊಂಡು ಉಳಿದಿಬ್ಬರು ಪರೀಕ್ಷೆಗೆ ಕೂರಬಹುದಿತ್ತು. ಡ್ರಾ ಆದರೆ ಅಥವಾ ಆಸ್ಟ್ರಿಯಾ ಗೆದ್ದರೆ ಜರ್ಮನಿ ಮನೆಗೆ. ಜರ್ಮನಿ 3-0 ಅಥವಾ ಅದಕ್ಕೂ ಹೆಚ್ಚಿನ ಅಂತರದಲ್ಲಿ ಗೆದ್ದರೆ ಆಸ್ಟ್ರಿಯಾ ಮನೆಗೆ. ಆದರೆ ಜರ್ಮನಿ ಒಂದೋ ಎರಡೋ ಗೋಲಿನ ಅಂತರದಲ್ಲಿ ಗೆದ್ದರೆ ಮೂವರಿಗೂ ನಾಲ್ಕು ಅಂಕ, ಗೋಲು ವ್ಯತ್ಯಾಸದಲ್ಲಿ ಜರ್ಮನಿ ಆಸ್ಟ್ರಿಯಾ ಇಬ್ಬರೂ ಪಾರು, ಆಲ್ಜೀರಿಯಾ ಮನೆಗೆ. ಇದಕ್ಕೆ ಯಾರೂ ಪಿಸುಗುಟ್ಟಬೇಕಾಗಿರಲಿಲ್ಲ. ಎರಡು ತಂಡದವರಿಗೂ ಕೂಡಿ ಕಳೆಯಲು ಬಂದರೆ ಸಾಕಿತ್ತು.

ಇನ್ನೊಂದು ಸಂಕಟದ ವಿಷಯ ಹೇಳುತ್ತೇನೆ. ಚಿಲಿ ವಿರುದ್ಧ ಆಲ್ಜೀರಿಯಾ ವಿರಾಮದ ವೇಳೆಗೆ 3-0 ಮುಂದಿತ್ತು. ಆಮೇಲೆ ಎರಡು ಗೋಲು ಬಿಟ್ಟುಕೊಟ್ಟಿತು. ಅದು 3-0ಯಲ್ಲೇ ನಿಂತಿದ್ದರೆ ಆಲ್ಜೀರಿಯಾದ ವ್ಯತ್ಯಾಸ ಎರಡಾಗುತ್ತಿತ್ತು. ಆಗ ಜರ್ಮನಿ 1-0ಯಿಂದ ಗೆದ್ದರೂ ಆಸ್ಟ್ರಿಯಾದ ವ್ಯತ್ಯಾಸವೂ ಎರಡೇ, ಹೊಡೆದ ಗೋಲು ಆಲ್ಜೀರಿಯಾದ್ದೇ ಹೆಚ್ಚು. ಅಂದರೆ ಇಬ್ಬರೂ ಸುಲಭವಾಗಿ ಬಚಾವಾಗುವ ದಾರಿ ಇರುತ್ತಿರಲಿಲ್ಲ, ಕೊನೆಯ ನಿಮಿಷದವರೆಗೂ ಹೊಡೆದಾಡಬೇಕಾಗುತ್ತಿತ್ತು. ಗೆದ್ದ ಪಂದ್ಯದ ಉತ್ತರಾರ್ಧದಲ್ಲಿ ಬಿಟ್ಟ ಆ ಎರಡು ಗೋಲುಗಳ ಬಗ್ಗೆ ಆ ಕ್ಷಣದಲ್ಲಿ ಯಾರು ತಲೆ ಕೆಡಿಸಿಕೊಂಡಿದ್ದರು?

ಜೂನ್ 25. ಮತ್ತೆ ಹಿಹೋನ್, ಅದೇ ಎಲ್ ಮೊಲಿನೋನ್ ಮೈದಾನ. ಹತ್ತನೇ ನಿಮಿಷದ ಸುಮಾರಿಗೆ ಎತ್ತರದ ಆಳು ಹೋರ್ಸ್ಟ್ ಹ್ರುಬೆಶ್ ಗೋಲು ಹೊಡೆದ. ಅಲ್ಲಿಂದ ಸ್ವಲ್ಪ ಹೊತ್ತು ಆಟ ನಡೆಯಿತು, ಆಮೇಲೆ ನಿಂತಿತು. ಚೆಂಡು ಓಡಾಡುತ್ತಿತ್ತು. ಜರ್ಮನಿಯ ರಕ್ಷಕನಿಂದ ಇನ್ನೊಬ್ಬ ರಕ್ಷಕನಿಗೆ, ಅವನಿಂದ ಗೋಲ್‌ಕೀಪರ್‌ಗೆ. ಆಗ ಗೋಲ್‌ಕೀಪರ್‌ಗೆ ಹಿಂದಕ್ಕೆ ಕೊಟ್ಟ ಚೆಂಡನ್ನು ಅವನು ಕೈಯಲ್ಲಿ ಹಿಡಿಯಬಹುದಿತ್ತು. ಆಸ್ಟ್ರಿಯಾದವರಿಗೆ ಚೆಂಡು ಸಿಕ್ಕಾಗ ಅವರೂ ಅದನ್ನೇ ಮಾಡಿದರು. ದ್ವಿತೀಯಾರ್ಧವಿಡೀ ಎರಡು ತಂಡಗಳೂ ಪಾರ್ಕಿನಲ್ಲಿ ವಾಯುವಿಹಾರಕ್ಕೆ ಬಂದವರ ಹಾಗೆ ಓಡಾಡಿದವು.

ನೋಡಲು ಬಂದವರು ಏನು ಮಾಡಿದರು ಎಂಬುದೇ ನನಗೆ ಮುಖ್ಯ. ಸ್ಪೇನ್‌ನ ಜನ ಬಿಳಿ ಕರವಸ್ತ್ರ ಬೀಸಿದರು, 'ಹೊರಗೆ ಹೋಗಿ' ಎಂದು ಕೂಗಿದರು. ಆಲ್ಜೀರಿಯಾದ ಅಭಿಮಾನಿಗಳು ಬೇಲಿಯ ಹತ್ತಿರ ಬಂದು ನೋಟುಗಳನ್ನು ಆಡಿಸಿ ತೋರಿಸಿದರು. ಜರ್ಮನಿಯವನೇ ಆದ ಒಬ್ಬ ಅಭಿಮಾನಿ ತನ್ನ ದೇಶದ ಬಾವುಟಕ್ಕೆ ಬೆಂಕಿ ಹಚ್ಚಿದ. ಜರ್ಮನ್ ಟೆಲಿವಿಷನ್ನಿನ ವೀಕ್ಷಕ ವಿವರಣೆಗಾರ ಎಬರ್‌ಹಾರ್ಡ್ ಸ್ಟಾನ್ಯೆಕ್ ಒಂದು ಹಂತದಲ್ಲಿ ಇನ್ನು ವಿವರಿಸಲಾರೆ ಎಂದು ಸುಮ್ಮನಾದ. ಆಸ್ಟ್ರಿಯಾದ ವಿವರಣೆಗಾರ ರೋಬರ್ಟ್ ಸೇಗರ್ ಟಿ.ವಿ. ಆರಿಸಿಬಿಡಿ ಎಂದು ನೋಡುಗರಿಗೇ ಹೇಳಿದ. ಮಾರನೆಯ ದಿನ ಹಿಹೋನ್‌ನ ಸ್ಥಳೀಯ ಪತ್ರಿಕೆ ಪಂದ್ಯದ ವರದಿಯನ್ನು ಕ್ರೀಡಾಪುಟದಲ್ಲಿ ಹಾಕದೆ ಅಪರಾಧ ಸುದ್ದಿಗಳ ಪುಟದಲ್ಲಿ ಹಾಕಿತು. ಪತ್ರಿಕಾಕರ್ತರಲ್ಲೂ ರಸಿಕರಿರುತ್ತಾರೆ.

ಇಲ್ಲಿ ಬೆಂಗಳೂರಿನಲ್ಲಿ ನಾನೇನು ಮಾಡಿದೆ? ಪತ್ರಿಕೆಯಲ್ಲಿ ಎರಡು ಸಾಲು ಬಂದಿತ್ತು. ಪಶ್ಚಿಮ ಜರ್ಮನಿ 1, ಆಸ್ಟ್ರಿಯಾ 0. ನನ್ನ ಜರ್ಮನಿ ಉಳಿಯಿತು! ನೋಟ್‌ಬುಕ್ಕಿನಲ್ಲಿ ಬರೆದು, ಅದರ ಕೆಳಗೆ ಕೆಂಪು ಶಾಯಿಯಲ್ಲಿ ಎರಡು ಗೆರೆ ಎಳೆದೆ. ಸಂಜೆ ಮೈದಾನಕ್ಕೆ ಹೋದಾಗ ಅಲ್ಲಿ ಹುಡುಗರಿಗೆ ಆಟ ಕಲಿಸುತ್ತಿದ್ದ, ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಮನೆಮಾತು ತಮಿಳು, ನಮ್ಮೊಡನೆ ಕನ್ನಡ. ಅವರ ಹತ್ತಿರ ಜಂಬ ಕೊಚ್ಚಿಕೊಂಡೆ. ಅವರು ರೇಡಿಯೊದಲ್ಲಿ ಬಿಬಿಸಿ ಕೇಳುವವರು. 'ತಮ್ಮಾ, ಸ್ಕೋರ್ ಮಾತ್ರ ನೋಡಿದ್ಯಾ, ಆಟ ಏನಾಯ್ತು ಅಂತ ಗೊತ್ತಾ?' ಎಂದು ಕೇಳಿ ಎಲ್ಲವನ್ನೂ ಹೇಳಿದರು. ನಾನು ಒಪ್ಪಲಿಲ್ಲ. ವಾದ ಮಾಡಿದೆ. ಗೆಲ್ಲುವುದು ತಪ್ಪೇ? ಗೆದ್ದಮೇಲೆ ಇನ್ನೂ ಗೋಲು ಹೊಡೆಯಬೇಕೆಂದು ಯಾವ ನಿಯಮದಲ್ಲಿದೆ? ಅವರು ಉತ್ತರ ಕೊಡದೆ ಹುಡುಗರ ಕಡೆ ತಿರುಗಿ ಸೀಟಿ ಊದಿದರು.

ನನ್ನ ವಾದ ಒಂದರ್ಥದಲ್ಲಿ ಸರಿಯಾಗಿಯೇ ಇತ್ತು ಎಂಬುದು ಇದರಲ್ಲಿನ ತಮಾಷೆ. ಆಲ್ಜೀರಿಯಾ ದೂರು ಕೊಟ್ಟಿತು. ಫಿಫಾ ಅದನ್ನು ತಳ್ಳಿಹಾಕಿತು, ನಿಯಮ ಯಾವುದೂ ಮುರಿದಿರಲಿಲ್ಲ. ಪಂದ್ಯಕ್ಕೆ ಮುಂಚೆ ಒಪ್ಪಂದವಾಗಿತ್ತು ಎಂಬುದು ಇಂದಿನವರೆಗೂ ಸಾಬೀತಾಗಿಲ್ಲ. ಮೈದಾನದ ಮೇಲೆ, ಆಡುತ್ತಾ ಆಡುತ್ತಾ, ಕಣ್ಣಿನಲ್ಲೇ ಆದ ತಿಳಿವಳಿಕೆ ಎಂದೇ ನಾನು ಭಾವಿಸುತ್ತೇನೆ. ನಾಲ್ಕು ವರ್ಷ ಮುಂಚೆ ಅರ್ಜೆಂಟೀನಾದ ಕೋರ್ದೊಬಾದಲ್ಲಿ ಆಸ್ಟ್ರಿಯಾ ಇದೇ ಜರ್ಮನಿಯನ್ನು 3-2ರಿಂದ ಸೋಲಿಸಿತ್ತು. ನೆರೆಹೊರೆಯವರು, ಒಂದೇ ಭಾಷೆಯವರು, ಹಳೆಯ ಹಗೆ. ಅಂಥವರೂ ಲೆಕ್ಕ ಒಂದೇ ಆದಾಗ ಹಗೆಯನ್ನು ಬದಿಗಿಟ್ಟರು. ಜರ್ಮನಿ ಆ ವರ್ಷ ಫೈನಲ್‌ವರೆಗೂ ಹೋಯಿತು, ಇಟಲಿಗೆ 3-1ರಿಂದ ಸೋತಿತು. ಆ ಹೊತ್ತಿಗೆ ರುಮ್ಮೆನಿಗೆ ನನ್ನ ಗೋಡೆಯ ಮೇಲೆ ಇನ್ನೂ ಇದ್ದ, ಆದರೆ ನಾನು ಇಟಲಿ ಗೆಲ್ಲಲಿ ಎಂದುಕೊಂಡಿದ್ದೆ. ಯಾರಿಗೂ ಹೇಳಲಿಲ್ಲ.

ಫಿಫಾ ದೂರು ತಳ್ಳಿಹಾಕಿದರೂ ಪಾಠ ಕಲಿಯಿತು. 1978ರಲ್ಲೂ ಹೀಗೇ ಒಂದು ಗೊಂದಲವಾಗಿತ್ತು. ಎರಡನೇ ಸುತ್ತಿನ ಗುಂಪಿನಲ್ಲಿ ಬ್ರೆಜಿಲ್ ಮೊದಲೇ ಆಡಿ ಪೋಲೆಂಡನ್ನು 3-1ರಿಂದ ಸೋಲಿಸಿತ್ತು. ಆಮೇಲೆ ಮೈದಾನಕ್ಕಿಳಿದ ಅರ್ಜೆಂಟೀನಾಕ್ಕೆ ನಾಲ್ಕು ಗೋಲಿನ ಅಂತರ ಬೇಕೆಂದು ಗೊತ್ತಿತ್ತು. ಪೆರು ವಿರುದ್ಧ 6-0 ಬಂತು. ಅದರ ಬಗ್ಗೆ ಹುಟ್ಟಿದ ಗುಮಾನಿಗಳು ಇನ್ನೂ ಸತ್ತಿಲ್ಲ. 1986ರ ಮೆಕ್ಸಿಕೊ ವಿಶ್ವಕಪ್‌ನಿಂದ ಪ್ರತಿ ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಒಂದೇ ಹೊತ್ತಿಗೆ ಆರಂಭಿಸಬೇಕು ಎಂದಾಯಿತು. ಇವತ್ತು ನಾವು ಅನುಭವಿಸುವ ಆ ಎದೆಬಡಿತ, ಎರಡು ಮೈದಾನಗಳ ನಡುವಿನ ಆ ಓಲಾಟ, ಅದರ ತಾಯಿಬೇರು ಹಿಹೋನ್‌ನಲ್ಲಿದೆ.

1986ರಲ್ಲಿ ನಮ್ಮ ಬೀದಿಗೆ ವಿಶ್ವಕಪ್ ದೂರದರ್ಶನದಲ್ಲಿ ಬಂತು. ಮೆಕ್ಸಿಕೊದ ನಡುಮಧ್ಯಾಹ್ನ ಎಂದರೆ ನಮ್ಮ ರಾತ್ರಿ ಹನ್ನೊಂದೂವರೆ. ಟಿ.ವಿ. ಇದ್ದ ಮನೆಯ ಪಡಸಾಲೆಯಲ್ಲಿ ಇಪ್ಪತ್ತು ಜನ. ಆ ಮನೆಯ ಯಜಮಾನರು ಪಾಪ, ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವರು, ಒಳಗೆ ಮಲಗಿರುತ್ತಿದ್ದರು. ಗೋಲಾದಾಗ ಕೂಗಬಾರದು ಎಂಬ ಷರತ್ತಿನ ಮೇಲೆ ನಮಗೆ ಪ್ರವೇಶ. ಬಾಯಿಗೆ ಟವೆಲು ತುರುಕಿಕೊಂಡು ಸಂಭ್ರಮಿಸಿದ್ದೇವೆ. ಪರದೆಯ ಮೇಲೆ ಒಂದು ಪಂದ್ಯ ನಡೆಯುತ್ತಿರುವಾಗ ಇನ್ನೊಂದರಲ್ಲಿ ಏನಾಗುತ್ತಿದೆ ಎಂದು ತಿಳಿಯದೆ ಒದ್ದಾಡುವುದು ನಮಗೆ ಹೊಸ ಅನುಭವ. ಆ ಸಲ ಮೊರೊಕ್ಕೊ ತನ್ನ ಕೊನೆಯ ಪಂದ್ಯದಲ್ಲಿ ಪೋರ್ಚುಗಲ್ಲನ್ನು 3-1ರಿಂದ ಸೋಲಿಸಿ, ಇಂಗ್ಲೆಂಡ್ ಇದ್ದ ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಬಂತು. ಗುಂಪು ಹಂತ ದಾಟಿದ ಮೊದಲ ಆಫ್ರಿಕಾ ತಂಡ ಅದು. ನಾಲ್ಕು ವರ್ಷ ಹಿಂದೆ ಅದು ಆಲ್ಜೀರಿಯಾ ಆಗಬೇಕಿತ್ತು.

ಹಾಗಾದರೆ ಒಂದೇ ಹೊತ್ತಿಗೆ ಆಡಿಸಿದರೆ ರೋಗ ವಾಸಿಯಾಯಿತೇ? ಪೂರ್ತಿ ಇಲ್ಲ. 1990ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಐರ್ಲೆಂಡ್ ಮತ್ತು ನೆದರ್ಲೆಂಡ್ಸ್ 1-1 ಆದಮೇಲೆ, ಇನ್ನೊಂದು ಮೈದಾನದಲ್ಲಿ ಇಂಗ್ಲೆಂಡ್ ಈಜಿಪ್ಟ್ ಮೇಲೆ ಮುಂದಿದೆ ಎಂದು ತಿಳಿದು, ಉಳಿದ ನಿಮಿಷಗಳನ್ನು ಸುಮ್ಮನೆ ಕಳೆದವು. ಎರಡೂ ಮುಂದಕ್ಕೆ ಹೋದವು. ಇಬ್ಬರ ಅಂಕ, ಗೋಲು ಎಲ್ಲ ಒಂದೇ ಆಗಿದ್ದರಿಂದ ಯಾರು ಎರಡನೆಯವರು, ಯಾರು ಮೂರನೆಯವರು ಎಂದು ಚೀಟಿ ಎತ್ತಬೇಕಾಯಿತು. 2004ರ ಯೂರೊ ಕಪ್‌ನಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ 2-2 ಡ್ರಾ ಮಾಡಿಕೊಂಡರೆ ಇಟಲಿ ತಾನು ಗೆದ್ದರೂ ಮನೆಗೆ ಹೋಗಬೇಕಿತ್ತು. ಕರಾರುವಾಕ್ಕಾಗಿ 2-2 ಆಯಿತು, ಅದೂ ಕೊನೆಯ ಗಳಿಗೆಯ ಗೋಲಿನಿಂದ. ಇಂಥ ಹೊಂದಾಣಿಕೆಗೆ ಇಟಲಿಯವರು 'ಬಿಸ್ಕತ್ತು' ಎನ್ನುತ್ತಾರೆ. ಆದರೆ ಆ ಪಂದ್ಯ ನೋಡಿದವರಿಗೆ ಅದು ಬಿಸ್ಕತ್ತಿನಂತೆ ಕಾಣಲಿಲ್ಲ, ಎರಡೂ ಕಡೆಯವರು ಚೆನ್ನಾಗಿಯೇ ಆಡಿದ್ದರು. ಗುಮಾನಿಗೆ ಸಾಕ್ಷಿ ಬೇಕಿಲ್ಲ, ಅಂಕಪಟ್ಟಿ ಇದ್ದರೆ ಸಾಕು.

ಈಗ ನನ್ನದೇ ಪರೀಕ್ಷೆಗೆ ಬರುತ್ತೇನೆ. 2018ರ ಜೂನ್ 28, ರಷ್ಯಾದ ವೊಲ್ಗೊಗ್ರಾಡ್. ಜಪಾನ್ ಮತ್ತು ಪೋಲೆಂಡ್. ಇನ್ನೊಂದು ಊರಿನಲ್ಲಿ ಅದೇ ಹೊತ್ತಿಗೆ ಸೆನೆಗಲ್ ಮತ್ತು ಕೊಲಂಬಿಯಾ. ನಮ್ಮಲ್ಲಿ ಸಂಜೆ ಏಳೂವರೆ. ವಯಸ್ಸಾಗುತ್ತಾ ಆಗುತ್ತಾ ನಾನು ಏಷ್ಯಾದ ತಂಡಗಳ ಪಕ್ಷಕ್ಕೆ ಬಂದಿದ್ದೆ, ಆ ಸಲ ಜಪಾನ್. ಪೋಲೆಂಡ್ ಒಂದು ಗೋಲು ಹೊಡೆಯಿತು. ಎದೆ ಧಸಕ್ಕೆಂದಿತು. ಆಮೇಲೆ ಅಲ್ಲಿ ಕೊಲಂಬಿಯಾ ಸೆನೆಗಲ್ ಮೇಲೆ ಒಂದು ಗೋಲು ಹೊಡೆಯಿತು. ಈಗ ಜಪಾನ್‌ಗೂ ಸೆನೆಗಲ್‌ಗೂ ಎಲ್ಲವೂ ಸಮ. ನಾಲ್ಕು ಅಂಕ, ಹೊಡೆದ ಗೋಲು ನಾಲ್ಕು, ಬಿಟ್ಟದ್ದು ನಾಲ್ಕು, ಪರಸ್ಪರ ಆಡಿದ ಪಂದ್ಯ 2-2. ಉಳಿದದ್ದು ಸನ್ನಡತೆಯ ಲೆಕ್ಕ. ಜಪಾನ್‌ಗೆ ನಾಲ್ಕು ಹಳದಿ ಕಾರ್ಡು, ಸೆನೆಗಲ್‌ಗೆ ಆರು. ಜಪಾನಿನ ಕೋಚ್ ಅಕಿರಾ ನಿಶಿನೊ ತನ್ನ ಹುಡುಗರಿಗೆ ಇನ್ನು ಗೋಲಿಗೆ ಹೋಗಬೇಡಿ, ಕಾರ್ಡು ತಿನ್ನಬೇಡಿ ಎಂದು ಸೂಚನೆ ಕಳಿಸಿದರು. ಕೊನೆಯ ಹತ್ತು ನಿಮಿಷ ಜಪಾನ್ ಸೋಲುತ್ತಲೇ ಚೆಂಡನ್ನು ತಮ್ಮತಮ್ಮಲ್ಲೇ ಹಿಂದಕ್ಕೂ ಪಕ್ಕಕ್ಕೂ ಕೊಟ್ಟುಕೊಂಡಿತು. ಗೆಲ್ಲುತ್ತಿದ್ದ ಪೋಲೆಂಡ್ ಕೂಡ ಬೆನ್ನು ಹತ್ತಲಿಲ್ಲ. ಮೈದಾನವಿಡೀ ಸಿಳ್ಳೆ, ಧಿಕ್ಕಾರ.

ನನ್ನ ಮಗಳು ಪಕ್ಕದಲ್ಲಿದ್ದಳು. ಅವಳಿಗೆ ಹಿಹೋನ್ ಕಥೆಯನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. 'ಅಪ್ಪ, ಇದೂ ಅದೇ ಅಲ್ವಾ?' ಎಂದಳು. ನಾನು ಕೂಡಲೇ, 'ಅದು ಹೇಗೆ ಅದೇ ಆಗುತ್ತೆ?' ಎಂದೆ. ನನ್ನ ಬಳಿ ವಾದವಿತ್ತು. ಹಿಹೋನ್‌ನಲ್ಲಿ ಎಲ್ಲವೂ ಇಬ್ಬರ ಕೈಯಲ್ಲಿತ್ತು, ಅಪಾಯವೇ ಇರಲಿಲ್ಲ. ಇಲ್ಲಿ ಜಪಾನ್ ತನ್ನ ಹಣೆಬರಹವನ್ನು ಇನ್ನೊಂದು ಮೈದಾನದ ಮೇಲೆ ಪಣ ಒಡ್ಡಿತ್ತು. ಸೆನೆಗಲ್ ಒಂದು ಗೋಲು ಹೊಡೆದಿದ್ದರೆ ನಿಶಿನೊ ಊರಿಗೆ ಮುಖ ತೋರಿಸುವ ಹಾಗಿರಲಿಲ್ಲ. ವಾದ ಇವತ್ತಿಗೂ ಸರಿ ಎನಿಸುತ್ತದೆ. ಆದರೆ ಅದನ್ನು ಹೇಳುವಾಗ ನನ್ನ ಧ್ವನಿ ಮೂವತ್ತಾರು ವರ್ಷ ಹಿಂದೆ ಆ ಹಿರಿಯರ ಮುಂದೆ ವಾದ ಮಾಡಿದ ಹುಡುಗನದೇ ಆಗಿತ್ತು. ಸೆನೆಗಲ್ ಗೋಲು ಹೊಡೆಯಲಿಲ್ಲ. ಸನ್ನಡತೆಯ ಲೆಕ್ಕದಲ್ಲಿ ವಿಶ್ವಕಪ್‌ನಿಂದ ಹೊರಬಿದ್ದ ಮೊದಲ ತಂಡ ಅದು. ಮತ್ತೆ ಆಫ್ರಿಕಾದ್ದೇ ಎಂಬುದು ನನಗೆ ಆಮೇಲೆ ಹೊಳೆಯಿತು.

ಇನ್ನು 2022ರ ಕತಾರ್. ಗುಂಪು ಹಂತದ ಅಭಿಮಾನಿಗಳಿಗೆ ಅದು ಹಬ್ಬ. ಡಿಸೆಂಬರ್ 1ರ ಪಂದ್ಯಗಳು ನಮಗೆ ಮಧ್ಯರಾತ್ರಿ ಹನ್ನೆರಡೂವರೆಗೆ. ಟಿ.ವಿ.ಯಲ್ಲಿ ಜಪಾನ್ ಮತ್ತು ಸ್ಪೇನ್, ಮಗಳ ಮೊಬೈಲಿನಲ್ಲಿ ಜರ್ಮನಿ ಮತ್ತು ಕೋಸ್ಟರಿಕ. ಜಪಾನ್ 2-1 ಮುಂದೆ ಹೋಯಿತು. ಆ ಎರಡನೇ ಗೋಲಿಗೆ ಮುಂಚೆ ಮಿತೊಮಾ ಚೆಂಡನ್ನು ಎಳೆದು ಕೊಟ್ಟನಲ್ಲ, ಅದು ಗೆರೆ ದಾಟಿತ್ತೋ ಇಲ್ಲವೋ ಎಂದು ಜಗತ್ತೆಲ್ಲ ಜಗಳವಾಡಿತು. ಮೇಲಿನಿಂದ ತೆಗೆದ ಚಿತ್ರದಲ್ಲಿ ಚೆಂಡಿನ ಒಂದು ಎಳೆ ಗೆರೆಯ ಮೇಲಿತ್ತು. ಅತ್ತ ಎಪ್ಪತ್ತನೇ ನಿಮಿಷದಲ್ಲಿ ಕೋಸ್ಟರಿಕ ಜರ್ಮನಿ ಮೇಲೆ 2-1 ಮುಂದಾಯಿತು. ಸುಮಾರು ಮೂರು ನಿಮಿಷ ಸ್ಪೇನ್, ಜರ್ಮನಿ ಎರಡೂ ಹೊರಗೆ, ಜಪಾನ್ ಕೋಸ್ಟರಿಕ ಒಳಗೆ! ಕೊನೆಗೆ ಜರ್ಮನಿ 4-2ರಿಂದ ಗೆದ್ದಿತು. ಗೆದ್ದೂ ಮನೆಗೆ ಹೋಯಿತು. ಅದು ತನ್ನ ಪಂದ್ಯ ಗೆದ್ದು, ಇನ್ನೊಬ್ಬರ ಪಂದ್ಯದಿಂದಾಗಿ ಹೊರಬಿದ್ದದ್ದನ್ನು ನೋಡುತ್ತಾ ನನಗೆ ಆಲ್ಜೀರಿಯಾ ನೆನಪಾಗದೆ ಇರಲಿಲ್ಲ. ಸ್ವಲ್ಪ ಮರುಕವೂ ಆಯಿತು. ಎಷ್ಟಾದರೂ ಗೋಡೆಗೆ ಅಂಟಿಸಿದ್ದ ತಂಡ.

ಮರುದಿನ ಇನ್ನೂ ವಿಚಿತ್ರ. ದಕ್ಷಿಣ ಕೊರಿಯಾ ಕೊನೆಯ ಗಳಿಗೆಯಲ್ಲಿ ಪೋರ್ಚುಗಲ್ಲನ್ನು 2-1ರಿಂದ ಸೋಲಿಸಿತು. ಇನ್ನೊಂದು ಮೈದಾನದಲ್ಲಿ ಉರುಗ್ವೆ ಘಾನಾ ಮೇಲೆ 2-0 ಮುಂದಿತ್ತು, ಇನ್ನೊಂದು ಗೋಲು ಬಂದರೆ ಕೊರಿಯಾ ಹೊರಗೆ. ತಮ್ಮ ಆಟ ಮುಗಿಸಿದ ಕೊರಿಯಾದ ಆಟಗಾರರು ಮೈದಾನದ ನಡುವೆ ಗುಂಪುಗೂಡಿ ಫೋನಿನಲ್ಲಿ ಆ ಪಂದ್ಯ ನೋಡುತ್ತಾ ನಿಂತರು. ಆ ಕ್ಷಣ ಆಟಗಾರರೂ ನಮ್ಮ ಹಾಗೆ ಬರೀ ಅಭಿಮಾನಿಗಳು. ಅಲ್ಲಿ ಘಾನಾದ ಜನರನ್ನು ನೋಡಬೇಕಿತ್ತು. ಅವರ ತಂಡ ಸೋಲುತ್ತಿದೆ, ಹೊರಬಿದ್ದಾಗಿದೆ. ಆದರೂ ತಮ್ಮ ಗೋಲ್‌ಕೀಪರ್ ಚೆಂಡು ತಡೆದಾಗಲೆಲ್ಲ ಹರ್ಷೋದ್ಗಾರ. ಕಾರಣ 2010. ಆಗಿನ ಕ್ವಾರ್ಟರ್ ಫೈನಲ್‌ನಲ್ಲಿ, ಹೆಚ್ಚುವರಿ ಅವಧಿಯ ಕೊನೆಯ ಕ್ಷಣದಲ್ಲಿ, ಗೋಲಿಗೆ ಹೋಗುತ್ತಿದ್ದ ಘಾನಾದ ಚೆಂಡನ್ನು ಉರುಗ್ವೆಯ ಸುವಾರೆಜ್ ಕೈಯಿಂದ ತಡೆದಿದ್ದ. ಸಿಕ್ಕ ಪೆನಾಲ್ಟಿ ಗೋಲಿನ ಮೇಲಿನ ಅಡ್ಡಪಟ್ಟಿಗೆ ಬಡಿದು, ಕೊನೆಗೆ ಉರುಗ್ವೆಯೇ ಗೆದ್ದಿತ್ತು. ಹನ್ನೆರಡು ವರ್ಷದ ನಂತರ ತಾವು ಸೋತು ಅವರನ್ನೂ ಹೊರಗೆ ಹಾಕಿದ ಸಮಾಧಾನದಲ್ಲಿ ಘಾನಾದವರು ನಗುತ್ತಾ ಮನೆಗೆ ಹೋದರು. ಸುವಾರೆಜ್ ಬದಿಯ ಬೆಂಚಿನಲ್ಲಿ ಅಂಗಿಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ.

ಈ ಎರಡು ರಾತ್ರಿಗಳು ಫಿಫಾದ ಮನಸ್ಸನ್ನೂ ಬದಲಾಯಿಸಿದವು. 2026ಕ್ಕೆ ತಂಡಗಳ ಸಂಖ್ಯೆಯನ್ನು 48ಕ್ಕೆ ಏರಿಸಿ, ಮೂರು ಮೂರು ತಂಡಗಳ ಹದಿನಾರು ಗುಂಪು ಮಾಡುವುದೆಂದು ಮೊದಲು ತೀರ್ಮಾನಿಸಿದ್ದರು. ಮೂವರ ಗುಂಪೆಂದರೆ ಕೊನೆಯ ಪಂದ್ಯದ ಹೊತ್ತಿಗೆ ಒಬ್ಬರು ಸುಮ್ಮನೆ ಕೂತಿರಲೇಬೇಕು. ಅಂದರೆ ಪ್ರತಿ ಗುಂಪಿಗೂ ಒಂದು ಹಿಹೋನ್! 2023ರ ಮಾರ್ಚ್‌ನಲ್ಲಿ ಅದನ್ನು ಕೈಬಿಟ್ಟು, ನಾಲ್ಕು ತಂಡಗಳ ಹನ್ನೆರಡು ಗುಂಪು ಎಂದು ಬದಲಿಸಿದರು. ಒಳ್ಳೆಯದಾಯಿತು. ಆದರೆ ಮೂರನೇ ಸ್ಥಾನದವರಲ್ಲಿ ಎಂಟು ತಂಡಗಳಿಗೂ ಮುಂದಕ್ಕೆ ದಾರಿ ಇಟ್ಟರು. ಕೊನೆಯಲ್ಲಿ ಆಡುವ ಗುಂಪುಗಳಿಗೆ ಎಷ್ಟು ಅಂಕ, ಎಷ್ಟು ಗೋಲು ಸಾಕು ಎಂಬುದು ಮುಂಚೆ ಆಡಿದವರನ್ನು ನೋಡಿ ಗೊತ್ತಾಗಿಬಿಡುತ್ತದೆ. ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟ ಹಾಗೆ.

ಆಲ್ಜೀರಿಯಾ ಏನಾಯಿತು ಎಂದು ಕೇಳುತ್ತೀರಿ. 2014ರಲ್ಲಿ, ಬ್ರೆಜಿಲ್‌ನಲ್ಲಿ, ಅದು ಮೊದಲ ಬಾರಿಗೆ ಗುಂಪು ಹಂತ ದಾಟಿತು. ಎದುರು ಸಿಕ್ಕಿದ್ದು ಯಾರು ಹೇಳಿ? ಜರ್ಮನಿ. ತೊಂಬತ್ತು ನಿಮಿಷ ಗೋಲಿಲ್ಲದೆ ಹಿಡಿದಿಟ್ಟಿತು. ಹೆಚ್ಚುವರಿ ಅವಧಿಯಲ್ಲಿ 2-1ರಿಂದ ಸೋತಿತು. ಆ ಜರ್ಮನಿಯೇ ಕಪ್ ಗೆದ್ದಿತು. ಆ ರಾತ್ರಿ ನಾನು ಯಾರ ಪಕ್ಷ ಎಂದು ಮನೆಯವರು ಕೇಳಲಿಲ್ಲ, ಅವರಿಗೆ ಗೊತ್ತಿತ್ತು.

ಹಳೆಯ ನೋಟ್‌ಬುಕ್ಕು ಇನ್ನೂ ಇದೆ, ಇವತ್ತು ತಂದಿದ್ದೇನೆ. ನೋಡಬೇಕೆನ್ನುವವರು ಆಮೇಲೆ ನೋಡಬಹುದು. ಎರಡನೇ ಗುಂಪಿನ ಪುಟದಲ್ಲಿ ಆ ಕೆಂಪು ಗೆರೆಗಳು ಹಾಗೇ ಇವೆ, ಶಾಯಿ ಸ್ವಲ್ಪ ಮಾಸಿದೆ. ಹನ್ನೆರಡು ಗುಂಪುಗಳ ಕೋಷ್ಟಕಕ್ಕೆ ಅದರ ಪುಟ ಸಾಲದೆಂದು ಮಗಳು ಹಳೆಯ ಗೋಡೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಹಾಕಿದ್ದಾಳೆ. ಮೂರನೇ ಸ್ಥಾನದವರಿಗೆ ಅಂಚಿನಲ್ಲಿ ಬೇರೆಯೇ ಒಂದು ಅಂಕಣ ಬೇಕಾಯಿತು.

ಪ್ರಶ್ನೆಗಳಿದ್ದರೆ ಕೇಳಿ. ಆಫ್‌ಸೈಡ್ ಬಗ್ಗೆ ಮಾತ್ರ ಬೇಡ.